ಆಟದ ಗೂಡ್ಸು ಬಂಡಿಗಳೂ ಗತಕಾಲದ ಸ್ಮರಣೆಯೂ

೧

ಇತಿಹಾಸವೆಂದರೆ ಅರಸರ ವಂಶಾವಳಿಯೂ ಯುದ್ಧಗಳ ಪಟ್ಟಿಯೂ ಮಾತ್ರವೆಂಬ ಭಾವನೆ ವಿದ್ಯಾವಂತರಲ್ಲಿ ಬಹುಮಟ್ಟಿಗೆ ಅಳಿದಿದೆ. ಒಡೆದ ಮಡಕೆಯ ಚೂರಿನಿಂದ ಒಂದು ಊರಿನ ಪ್ರಾಚೀನತೆಯನ್ನು ನಿರ್ಣಯಿಸಬಹುದು; ಸವೆದ ನಾಣ್ಯವೊಂದರಿಂದ ಮರೆತುಹೋದ ಅರಸನೊಬ್ಬನ ಆಳಿಕೆಯನ್ನು ತಿಳಿಯಬಹುದು. ಹೀಗಿರುವಾಗ ಮಕ್ಕಳ ಆಟದ ಸಾಮಾನೂ ತನ್ನ ಕಾಲದ ವಿಷಯದಲ್ಲಿ ಸಾಕ್ಷಿ ನುಡಿಯಬಲ್ಲುದೆಂದರೆ ವಾಚಕರು ಅದನ್ನು ಹುಡುಗಾಟಿಕೆಯೆಂದು ತಳ್ಳಿಹಾಕಲಾರರೆಂದು ನಂಬಿದ್ದೇವೆ. ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದುಬಂದ ಆಟದ ರೈಲುಗಳನ್ನು, ಅವುಗಳಲ್ಲಿಯೂ ವಿಶೇಷವಾಗಿ ಸರಕು ಸಾಗಿಸುವ ಬಂಡಿಗಳನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ದೇಶದಲ್ಲಿ ವಯಸ್ಸು ಸಂದ ಎಷ್ಟೋ ಮಂದಿ ಗೃಹಸ್ಥರು ಮನೆಯ ನೆಲಮಾಳಿಗೆಯಲ್ಲಿ ದೊಡ್ಡದೊಂದು ಮಣೆಯನ್ನು ಹೂಡಿ, ಅದರ ಮೇಲೆ ಪುಟ್ಟ ಕಂಬಿಗಳನ್ನು ಹಾಸಿ, ಗುಡ್ಡ, ಸೇತುವೆ, ನಿಲ್ದಾಣ, ಹಾಲಿನ ಕಟ್ಟೆ ಮೊದಲಾದುವನ್ನು ಅಣಿಮಾಡಿ, ತಾವು ಬಾಲ್ಯದಲ್ಲಿ ಕಂಡ ರೈಲನ್ನು ಮತ್ತೆ ಓಡಿಸುತ್ತಾರೆ. ಬೆಂಕಿಪೆಟ್ಟಿಗೆಗಳನ್ನು ದಾರದಲ್ಲಿ ಪೋಣಿಸಿ ಅಂಗಳದಲ್ಲಿ ಎಳೆದಾಡಿದ ನಮ್ಮ ಮಕ್ಕಳಿಗೂ ಈ ಆಸೆ ಅಪರಿಚಿತವಲ್ಲ. ಆದರೆ ಇಂಥ ಹಾಸಿಗೆ ಹಳೆಯ ಗೂಡ್ಸು ಬಂಡಿಗಳನ್ನು ಆರಿಸಿಕೊಳ್ಳಬೇಕಾದಾಗ ಒಂದು ಪ್ರಶ್ನೆ ತಲೆದೋರುತ್ತದೆ. ನಾವು ನೆನಪಿಗೆ ತಂದುಕೊಳ್ಳಬೇಕೆಂದಿರುವುದು ಹಿಂದೆ ನಿಜವಾಗಿ ಓಡಿದ ರೈಲನ್ನೋ, ಬಾಲ್ಯದಲ್ಲಿ ನಮ್ಮ ಕೈಯಲ್ಲಿದ್ದ ಆಟಿಗೆಯನ್ನೋ? ಈ ಎರಡು ನೆನಪುಗಳೂ ಒಂದೇ ಎಂದು ಮೇಲುನೋಟಕ್ಕೆ ತೋರುವುದು. ವಿಚಾರಿಸಿ ನೋಡಿದರೆ ಅವು ಬೇರೆಬೇರೆ ಎಂಬುದೂ, ಪ್ರತಿಯೊಂದೂ ಏನನ್ನೋ ಉಳಿಸಿ ಏನನ್ನೋ ಮರೆಸುವುದೆಂಬುದೂ ಗೊತ್ತಾಗುತ್ತದೆ.

೨

ಆಟದ ರೈಲಿನ ಮೂಲ ಅಮೆರಿಕಾವಲ್ಲ. ಜರ್ಮನಿಯ ತಗಡಿನ ಕೆಲಸಗಾರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎಳೆದಾಡುವ ರೈಲುಗಳನ್ನು ಮಾಡಿ ಮಾರುತ್ತಿದ್ದರು. ೧೮೯೧ರಲ್ಲಿ ಮೇರ್ಕ್ಲಿನ್ ಎಂಬ ಮನೆತನದವರು ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಕಂಬಿಗಳ ಅಗಲವನ್ನು ನಿಶ್ಚಿತ ಗೇಜುಗಳಿಗೆ ಒಳಪಡಿಸಿದ ರೈಲನ್ನು ಪ್ರದರ್ಶಿಸಿದರು. ಇದು ಸಣ್ಣ ಸುಧಾರಣೆಯಂತೆ ಕಂಡರೂ ಇದರ ಪರಿಣಾಮ ದೊಡ್ಡದು. ಅಂದಿನಿಂದ ಆಟದ ರೈಲು ಒಮ್ಮೆ ಕೊಂಡು ಮುಗಿಯುವ ವಸ್ತುವಾಗಿ ಉಳಿಯಲಿಲ್ಲ. ಈ ವರ್ಷ ಎರಡು ಬಂಡಿ, ಮುಂದಿನ ವರ್ಷ ಮತ್ತೆರಡು, ಹೀಗೆ ಬೆಳೆಯುತ್ತ ಹೋಗುವ ಸಂಸಾರವಾಯಿತು. ಇಂಜಿನು ಒಂದಿದ್ದರೆ ಸಾಕು. ಬಂಡಿಗಳಾದರೋ ಎಷ್ಟಿದ್ದರೂ ಸಾಲವು. ಗೂಡ್ಸು ಬಂಡಿಗೆ ಈ ಆಟದಲ್ಲಿ ಪ್ರಾಧಾನ್ಯ ಬರಲು ಇದೂ ಒಂದು ಕಾರಣ.

ಅಮೆರಿಕಾದಲ್ಲಿ ಈ ಆಟಕ್ಕೆ ಹೆಸರಾದವನು ಜೋಷುವ ಲಯೊನೆಲ್ ಕೊವೆನ್. ೧೮೭೭ರಲ್ಲಿ ನ್ಯೂಯಾರ್ಕಿನ ವಲಸೆಗಾರ ಯೆಹೂದ್ಯರ ಕುಟುಂಬದಲ್ಲಿ ಹುಟ್ಟಿದ ಈತ ೧೯೦೦ರಲ್ಲಿ ಹ್ಯಾರಿ ಗ್ರ್ಯಾಂಟ್ ಎಂಬಾತನೊಡನೆ ಸೇರಿ ಲಯೊನೆಲ್ ಕಂಪೆನಿಯನ್ನು ಸ್ಥಾಪಿಸಿದನು. ಇವನು ಮೊದಲು ಮಾಡಿದುದು ಇಂಜಿನನ್ನಲ್ಲ, ಒಂದು ಗೂಡ್ಸು ಬಂಡಿಯನ್ನು ಎಂಬುದು ಗಮನಾರ್ಹ. ಮೇಲ್ಭಾಗ ತೆರೆದಿರುವ ಮರದ ಪೆಟ್ಟಿಗೆಯೊಂದಕ್ಕೆ ಗಾಲಿಗಳನ್ನೂ ಸಣ್ಣದೊಂದು ವಿದ್ಯುತ್ ಮೋಟಾರನ್ನೂ ಜೋಡಿಸಿ ಅದಕ್ಕೆ ‘ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟನು. ಅದನ್ನು ಆಟಕ್ಕಾಗಿ ಮಾಡಿರಲಿಲ್ಲ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಮಾರಾಟದ ಸಾಮಾನನ್ನು ಹೊತ್ತು ಸುತ್ತುತ್ತ, ಬೀದಿಯಲ್ಲಿ ಹೋಗುವವರ ಕಣ್ಣನ್ನು ಸೆಳೆಯಲೆಂದು ಕಾರ್ಟ್‌ಲ್ಯಾಂಡ್ ಬೀದಿಯ ಅಂಗಡಿಕಾರನೊಬ್ಬನಿಗೆ ಕೊಟ್ಟಿದ್ದನು. ಗಿರಾಕಿಗಳು ಬಂದರು, ಆದರೆ ಬಂಡಿಯೊಳಗಿನ ಸಾಮಾನನ್ನು ಬಿಟ್ಟು ಬಂಡಿಯನ್ನೇ ಕೇಳಿದರು ಎಂಬುದು ಆ ಕಂಪೆನಿಯ ಪರಂಪರೆಯಲ್ಲಿ ಬಂದ ಕಥೆ. ಕೊವೆನ್ ಸೂಕ್ಷ್ಮಬುದ್ಧಿಯವನು. ಜನ ಏನನ್ನು ಬಯಸುತ್ತಾರೆಂಬುದು ಅವನಿಗೆ ಹೊಳೆಯಿತು.

೧೯೦೬ರಲ್ಲಿ ಲಯೊನೆಲ್ ಕಂಪೆನಿ ಎರಡು ಅಂಗುಲ ಚಿಲ್ಲರೆ ಅಗಲದ ಮೂರು ಕಂಬಿಗಳ ಹಾದಿಯೊಂದನ್ನು ಹೊರತಂದು ಅದಕ್ಕೆ ‘ಸ್ಟ್ಯಾಂಡರ್ಡ್ ಗೇಜ್’ ಎಂದು ತಾನೇ ನಾಮಕರಣ ಮಾಡಿತು. ಆ ಗೇಜಿಗಾಗಿ ೧೯೨೬ರಿಂದ ೧೯೪೦ರವರೆಗೆ ಬಂದ ಇನ್ನೂರರ ಸಾಲಿನ ಬಂಡಿಗಳು ಇಂದಿಗೂ ಸಂಗ್ರಾಹಕರ ಕಣ್ಮಣಿಗಳಾಗಿವೆ. ಚಪ್ಪಟೆ ಬಂಡಿ, ತೆರೆದ ಗೊಂಡೋಲ, ದನದ ಬಂಡಿ, ನಾಲ್ಕೂ ಕಡೆ ಮುಚ್ಚಿದ ಬಾಕ್ಸ್‌ಕಾರು, ಎಣ್ಣೆಯ ಟ್ಯಾಂಕು, ಕಲ್ಲಿದ್ದಲಿನ ಹಾಪರು, ರೈಲಿನ ತುದಿಗೆ ಸೇರಿಸುವ ಕಬೂಸು, ಕ್ರೇನು ಬಂಡಿ ಎಂದು ಇವುಗಳಲ್ಲಿ ಅನೇಕ ಬಗೆ. ಉಕ್ಕಿನ ತಗಡಿನ ಮೇಲೆ ದಪ್ಪನೆಯ ಬಣ್ಣದ ಲೇಪ. ಅದಕ್ಕೆ ಹಿತ್ತಾಳೆಯ ಫಲಕಗಳ ಅಲಂಕಾರ. ಮುಂದಿನ ವರ್ಷಗಳಲ್ಲಿ ಹಿತ್ತಾಳೆಯ ಸ್ಥಾನದಲ್ಲಿ ನಿಕ್ಕಲ್ ಬಂದಿತು. ಹಿತ್ತಾಳೆಯೇ ನಿಕ್ಕಲ್ಲೇ ಎಂಬುದನ್ನು ನೋಡಿ ಬಂಡಿಯ ಕಾಲವನ್ನು ಊಹಿಸುವುದು ಶಾಸನದ ಅಕ್ಷರರೂಪವನ್ನು ನೋಡಿ ಅದರ ಶತಮಾನವನ್ನು ಹೇಳುವಂಥದೇ ವಿದ್ಯೆ. ಈ ಬಂಡಿಗಳು ನಿಜವಾದ ಯಾವ ರೈಲಿನ ಪ್ರತಿಕೃತಿಗಳೂ ಅಲ್ಲ. ಬಟಾಣಿಯ ಹಸುರಿನ, ನವಿಲಿನ ನೀಲಿಯ ಗೂಡ್ಸು ಬಂಡಿಗಳು ಅಮೆರಿಕಾದ ಯಾವ ಹಳಿಯ ಮೇಲೂ ಸಾಲಾಗಿ ಓಡಲಿಲ್ಲ. ಅವು ಮಗುವಿನ ಕಣ್ಣಿಗೆ ಹಬ್ಬವಾಗಲೆಂದು ಮಾಡಿದುವು.

೧೯೨೯ರ ಆರ್ಥಿಕ ಕುಸಿತದ ನಂತರ ಈ ವೈಭವ ತಗ್ಗಿತು. ಹಳೆಯ ಐವ್ಸ್ ಕಂಪೆನಿ ಅದಕ್ಕೂ ಮುಂಚೆ ೧೯೨೮ರಲ್ಲಿಯೇ ದಿವಾಳಿಯಾಗಿತ್ತು. ೧೯೩೪ರಲ್ಲಿ ಲಯೊನೆಲ್ ಕಂಪೆನಿಯೂ ಸಾಲಗಾರರ ಪರವಾಗಿ ನ್ಯಾಯಾಲಯ ನೇಮಿಸಿದವರ ಆಡಳಿತಕ್ಕೆ ಒಳಪಟ್ಟಿತು. ಆ ವರ್ಷದ ಕ್ರಿಸ್‌ಮಸ್ಸಿನಲ್ಲಿ ಮಿಕ್ಕಿ ಇಲಿ ತುಳಿಯುವ ಒಂದು ಡಾಲರಿನ ಕೈಬಂಡಿ ಎರಡೂವರೆ ಲಕ್ಷದಷ್ಟು ಮಾರಾಟವಾಗಿ ಕಂಪೆನಿಗೆ ಕೈಕೊಟ್ಟು ಎತ್ತಲು ನೆರವಾಯಿತು. ಇದಾದಮೇಲೆ ಒಂದೂಕಾಲು ಅಂಗುಲದ ‘ಓ’ ಗೇಜು ಮುಂದಾಯಿತು. ೧೯೪೦ರಲ್ಲಿ ನಿಜವಾದ ಬಂಡಿಯ ನಲವತ್ತೆಂಟನೆಯ ಒಂದು ಅಳತೆಗೆ ಸರಿಯಾದ ಬಾಕ್ಸ್‌ಕಾರು, ಟ್ಯಾಂಕು, ಹಾಪರು, ಕಬೂಸುಗಳನ್ನು ಲಯೊನೆಲ್ಲಿನವರು ಮಾಡಿದರು. ಅಷ್ಟರಲ್ಲಿ ಯುದ್ಧವು ಬಂದಿತು. ೧೯೪೨ರಲ್ಲಿ ಲೋಹದ ಆಟಿಗೆಗಳ ತಯಾರಿಕೆ ನಿಂತುಹೋಗಿ, ಕಾರ್ಖಾನೆಯಲ್ಲಿ ನೌಕಾಬಲಕ್ಕೆ ಬೇಕಾದ ದಿಕ್ಸೂಚಿಗಳು ತಯಾರಾದುವು. ೧೯೪೩ರಲ್ಲಿ ಮಕ್ಕಳಿಗೆ ದೊರೆತುದು ರಟ್ಟಿನ ಕಾಗದದಿಂದ ಮಡಿಸಿ ಮಾಡುವ ರೈಲು ಮಾತ್ರ.

೩

ಇಂದು ‘ಹಳೆಯ ನೆನಪಿನ ಹಾಸು’ ಎಂದಾಗ ಬಹುಮಂದಿಯ ಮನಸ್ಸಿಗೆ ಬರುವುದು ೧೯೪೫ರಿಂದ ೧೯೫೭ರವರೆಗಿನ ಅವಧಿ. ೧೯೪೫ರಲ್ಲಿ ಲಯೊನೆಲ್ಲಿನವರು ಹಳೆಯ ಕೊಕ್ಕೆಗಳನ್ನು ಬಿಟ್ಟು, ನಿಜವಾದ ರೈಲಿನಲ್ಲಿರುವಂತೆ ಬೆರಳು ಮಡಚಿದ ಮುಷ್ಟಿಯ ಆಕಾರದ ಕೊಂಡಿಯನ್ನು ಬಂಡಿಗಳಿಗೆ ಹಾಕಿದರು. ಗುಂಡಿಯೊತ್ತಿದರೆ ಕೊಂಡಿ ತಾನೇ ಬಿಡಿಸಿಕೊಳ್ಳುವುದು. ಮರುವರ್ಷ ಇಂಜಿನಿನಿಂದ ಹೊಗೆ ಬಂದಿತು. ೧೯೪೭ರಲ್ಲಿ ಹಾಲಿನ ಬಂಡಿ ಬಂದಿತು. ಗುಂಡಿಯನ್ನು ಒತ್ತಿದೊಡನೆ ಬಾಗಿಲು ತೆರೆದು, ಬಿಳಿಯ ಉಡುಪಿನ ಪುಟ್ಟ ಆಳೊಬ್ಬನು ಹಾಲಿನ ಪಾತ್ರೆಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ತಳ್ಳುವ ಈ ಬಂಡಿಯ ಸೊಗಸಿಗೆ ಮಾರುಹೋಗದ ಮಗುವಿರಲಿಲ್ಲವೆನ್ನಬಹುದು. ೧೯೪೯ರಲ್ಲಿ ದನದ ಬಂಡಿ ಬಂದು, ಕಂಪನದ ಬಲದಿಂದ ಪುಟ್ಟ ಹಸುಗಳು ದೊಡ್ಡಿಯಿಂದ ಬಂಡಿಗೂ ಬಂಡಿಯಿಂದ ದೊಡ್ಡಿಗೂ ನಡೆದಾಡಿದುವು. ಮರದ ದಿಮ್ಮಿಯನ್ನು ಉರುಳಿಸುವ ಬಂಡಿ, ಕಲ್ಲಿದ್ದಲನ್ನು ಸುರಿಯುವ ಬಂಡಿ, ಪೀಪಾಯಿಗಳನ್ನು ಇಳಿಸುವ ಬಂಡಿ, ಹೀಗೆ ಒಂದೊಂದಕ್ಕೂ ಒಂದೊಂದು ಕಸುಬು.

ಪ್ರಯಾಣಿಕರ ಬಂಡಿಗಿಂತಲೂ ಗೂಡ್ಸು ಬಂಡಿಯೇ ಮಕ್ಕಳಿಗೆ ಮೆಚ್ಚಾಗಲು ಕಾರಣ ಇಲ್ಲಿದೆ. ಪ್ರಯಾಣಿಕರ ಬಂಡಿಯನ್ನು ನೋಡಿ ಆನಂದಿಸಬಹುದು; ಗೂಡ್ಸು ಬಂಡಿಯಾದರೋ ಮಗುವಿಗೆ ಕೆಲಸ ಕೊಡುತ್ತದೆ. ತುಂಬುವುದು, ಇಳಿಸುವುದು, ಬಿಡಿಸುವುದು, ಕೂಡಿಸುವುದು, ಪಕ್ಕದ ಹಾದಿಗೆ ತಿರುಗಿಸುವುದು ಇವೆಲ್ಲ ದೊಡ್ಡವರ ಲೋಕದ ದುಡಿಮೆಯ ಅನುಕರಣ. ಆಗ ಅಮೆರಿಕಾದ ಪ್ರತಿಯೊಂದು ಸಣ್ಣ ಊರಿನ ಅಂಚಿನಲ್ಲಿಯೂ ಇದೇ ದುಡಿಮೆ ಕಣ್ಣಿಗೆ ಬೀಳುತ್ತಿದ್ದಿತು.

೧೯೫೩ರಲ್ಲಿ ೬೪೬೪ ಎಂಬ ಅಂಕಿಯ ಬಾಕ್ಸ್‌ಕಾರುಗಳ ಸಾಲು ಆರಂಭವಾಯಿತು. ಆ ಸಂವತ್ಸರ ಕಂಪೆನಿಯ ವ್ಯಾಪಾರ ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ಏರಿ ಪರಮಾವಧಿಯನ್ನು ಮುಟ್ಟಿತ್ತು. ಒಂದೇ ಅಚ್ಚಿನ ಬಂಡಿಗೆ ಬೇರೆಬೇರೆ ರೈಲ್ವೆ ಕಂಪೆನಿಗಳ ಬಣ್ಣವನ್ನೂ ಲಾಂಛನವನ್ನೂ ಬಳಿದು ವರ್ಷವರ್ಷವೂ ಹೊಸದನ್ನು ಹೊರತರುವುದು ಇದರ ಕ್ರಮ. ಮೊದಲನೆಯ ವರ್ಷ ವೆಸ್ಟರ್ನ್ ಪೆಸಿಫಿಕ್, ಗ್ರೇಟ್ ನಾರ್ದರ್ನ್, ಮಿನಿಯಾಪೊಲಿಸ್ ಮತ್ತು ಸೈಂಟ್ ಲೂಯಿಸ್, ರಾಕ್ ಐಲೆಂಡ್ ಎಂಬ ನಾಲ್ಕು ಕಂಪೆನಿಗಳ ಹೆಸರಿನವು ಬಂದುವು. ೧೯೫೪ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಕಂಪೆನಿಯ ಕೆಂಪು ಬೂದು ಬಣ್ಣದ ‘ಪೇಸ್‌ಮೇಕರ್’ ಬಂಡಿಯೂ, ೧೯೫೫ರಲ್ಲಿ ಹಸುರು ಹಳದಿಯ ರಟ್ಲೆಂಡ್ ಬಂಡಿಯೂ, ಕೆಂಪು, ಬಿಳುಪು, ನೀಲಿ ಪಟ್ಟೆಗಳ ‘ಸ್ಟೇಟ್ ಆಫ್ ಮೇನ್’ ಬಂಡಿಯೂ ಸೇರಿದುವು. ಇನ್ನೂರರ ಸಾಲಿನಂತೆ ಇವು ಕೇವಲ ಕಲ್ಪನೆಯ ಬಣ್ಣಗಳಲ್ಲ. ಊರಿನ ಹಳಿಯ ಮೇಲೆ ಹಾದುಹೋಗುತ್ತಿದ್ದ ನಿಜವಾದ ಬಂಡಿಗಳ ಬಣ್ಣಗಳೇ ಆಗಿದ್ದುವು.

ಎದುರಾಳಿಯಾದ ಗಿಲ್ಬರ್ಟ್ ಕಂಪೆನಿಯವರು ೧೯೩೮ರಲ್ಲಿ ‘ಅಮೆರಿಕನ್ ಫ್ಲೈಯರ್’ ಎಂಬ ರೈಲನ್ನು ಕೊಂಡು, ೧೯೪೬ರಿಂದ ಅದನ್ನು ಅರವತ್ತನಾಲ್ಕನೆಯ ಒಂದು ಅಳತೆಯ ‘ಎಸ್’ ಗೇಜಿನಲ್ಲಿ ಎರಡೇ ಕಂಬಿಗಳ ಮೇಲೆ ಓಡಿಸಿದರು. ನಿಜವಾದ ರೈಲಿಗೆ ಮೂರನೆಯ ಕಂಬಿ ಎಲ್ಲಿದೆ ಎಂಬುದು ಅವರ ವಾದ. ವಾದ ನ್ಯಾಯವಾದುದೇ. ಆದರೂ ಲಯೊನೆಲ್ಲಿನ ಮಕ್ಕಳು ನಡುವಿನ ಕಂಬಿಯನ್ನು ಕಂಡೂ ಕಾಣದವರಾಗಿದ್ದರು. ಬಾಲ್ಯದ ನೆನಪು ವಾಸ್ತವಕ್ಕಿಂತ ಬೇರೆಯೆಂಬುದಕ್ಕೆ ಈ ಮೂರನೆಯ ಕಂಬಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

೪

ಇನ್ನು ನಿಜವಾದ ಬಂಡಿಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಆಟಿಗೆಯ ಒಂದೊಂದು ಅವಯವದ ಹಿಂದೆಯೂ ದೊಡ್ಡವರ ಲೋಕದ ಕಷ್ಟಸುಖಗಳು ಅಡಗಿವೆ.

ಮೇಲೆ ಹೇಳಿದ ಮುಷ್ಟಿಯ ಕೊಂಡಿಯನ್ನೇ ತೆಗೆದುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾದ ಗೂಡ್ಸು ಬಂಡಿಗಳನ್ನು ಕಬ್ಬಿಣದ ಬಳೆ ಮತ್ತು ಮೊಳೆಗಳಿಂದ ಕೂಡಿಸುತ್ತಿದ್ದರು. ಎರಡು ಬಂಡಿಗಳು ಹತ್ತಿರ ಬರುವಾಗ ಅವುಗಳ ನಡುವೆ ನಿಂತು, ಬಳೆಯನ್ನು ಕೈಯಿಂದ ಹಿಡಿದು ದಾರಿಗೆ ತಂದು, ಕ್ಷಣಮಾತ್ರದಲ್ಲಿ ಮೊಳೆಯನ್ನು ಇಳಿಸಬೇಕು. ಕೈ ತಡವಾದರೆ ಬೆರಳು ಹೋಯಿತು. ಕಾಲು ತಪ್ಪಿದರೆ ಪ್ರಾಣವೇ ಹೋಯಿತು. ಬೆರಳುಗಳನ್ನು ಕಳೆದುಕೊಂಡಿರುವುದೇ ಹಳೆಯ ಬ್ರೇಕಿನಾಳಿನ ಗುರುತೆಂಬ ಮಾತು ರೂಢಿಯಾಗಿದ್ದಿತು. ಈಲೈ ಜ್ಯಾನಿ ಎಂಬ ವರ್ಜೀನಿಯದ ಅಂಗಡಿಯ ಗುಮಾಸ್ತನು ೧೮೭೩ರಲ್ಲಿ, ಬಂಡಿಗಳು ತಾಗಿದೊಡನೆ ತಾನಾಗಿ ಹಿಡಿದುಕೊಳ್ಳುವ ಕೊಂಡಿಗೆ ಹಕ್ಕುಪತ್ರ ಪಡೆದನು. ಅದರ ಮೊದಲ ಮಾದರಿಯನ್ನು ಅವನು ಚಾಕುವಿನಿಂದ ಮರದ ತುಂಡಿನಲ್ಲಿ ಕೆತ್ತಿದ್ದನೆಂದು ಹೇಳುವರು. ಆದರೆ ರೈಲ್ವೆ ಕಂಪೆನಿಗಳು ಖರ್ಚಿಗೆ ಅಂಜಿ ಇಪ್ಪತ್ತು ವರ್ಷ ಕಳೆದುವು. ಅಯೋವ ಪ್ರಾಂತದ ಲೊರೆಂಜೊ ಕಾಫಿನ್ ಎಂಬ ಮಹನೀಯನು ಊರೂರು ತಿರುಗಿ, ಸಭೆಗಳಲ್ಲಿ ಮಾತನಾಡಿ, ಪತ್ರ ಬರೆದು, ಶಾಸನಸಭೆಗಳ ಬಾಗಿಲು ತಟ್ಟಿದುದರ ಫಲವಾಗಿ ೧೮೯೩ರಲ್ಲಿ ಸುರಕ್ಷತೆಯ ಕಾನೂನು ಜಾರಿಗೆ ಬಂದು, ತಾನಾಗಿ ಹಿಡಿಯುವ ಕೊಂಡಿಯೂ ಗಾಳಿಯ ಬ್ರೇಕೂ ಕಡ್ಡಾಯವಾದುವು. ಮೇಜಿನ ಮೇಲೆ ಎರಡು ಆಟದ ಬಂಡಿಗಳು ‘ಟಕ್’ ಎಂದು ಕೂಡಿಕೊಳ್ಳುವಾಗ ನಮಗೆ ಕೇಳುವುದು ಈ ಹೋರಾಟದ ಕಟ್ಟಕಡೆಯ ಪ್ರತಿಧ್ವನಿ.

ಬಂಡಿಯ ಮಾಡಿನ ನೆತ್ತಿಯ ಮೇಲೆ ಉದ್ದಕ್ಕೂ ಹಾಯ್ದಿರುವ ಹಲಗೆಯೂ ಹಾಗೆಯೇ. ಗಾಳಿಯ ಬ್ರೇಕು ಬರುವುದಕ್ಕೆ ಮುಂಚೆ, ಚಳಿಗಾಲದ ರಾತ್ರಿಯಲ್ಲಿಯೂ ಹಿಮಗಟ್ಟಿದ ಈ ಹಲಗೆಯ ಮೇಲೆ ಓಡಿ, ಬಂಡಿಯಿಂದ ಬಂಡಿಗೆ ನೆಗೆದು, ಒಂದೊಂದರ ಚಕ್ರವನ್ನೂ ಕೈಯಿಂದ ತಿರುಗಿಸಿ ಬ್ರೇಕು ಹಾಕಬೇಕಾಗಿದ್ದಿತು. ಬ್ರೇಕು ಬದಲಾದ ಮೇಲೂ ಹಲಗೆ ಬಹುಕಾಲ ಉಳಿಯಿತು; ೧೯೬೬ರಿಂದ ಹೊಸ ಬಂಡಿಗಳಿಗೆ ಅದನ್ನು ಹಾಕುವುದು ನಿಂತು, ಹಳೆಯ ಬಂಡಿಗಳಿಂದಲೂ ಕ್ರಮೇಣ ತೆಗೆದುಹಾಕಿದರು. ಆದಕಾರಣ ೧೯೫೦ರ ಹಾಸಿಗೆ ಹಲಗೆಯಿಲ್ಲದ ಬಾಕ್ಸ್‌ಕಾರು ಸಲ್ಲದು. ಇದನ್ನು ಬರಿಯ ಪಾಂಡಿತ್ಯದ ಹಟವೆಂದು ಭಾವಿಸಬಾರದು. ಆ ಹಲಗೆ ದುಡಿದವರ ಹೆಜ್ಜೆಯ ಗುರುತು. ಅದನ್ನು ಬಿಟ್ಟರೆ ಚಿತ್ರದಲ್ಲಿ ಕಡಿಮೆಯಾಗುವುದು ಬರಿಯ ಹಲಗೆಯಲ್ಲ. ಅದರ ಮೇಲೆ ನಡೆದ ಮನುಷ್ಯನೇ ಮರೆಯಾಗುತ್ತಾನೆ.

ಬಂಡಿಯ ಬಣ್ಣಕ್ಕೂ ಕಾಲವುಂಟು. ಹಣ್ಣು, ಮಾಂಸ, ಬೆಣ್ಣೆಗಳನ್ನು ಮಂಜುಗಡ್ಡೆಯಿಂದ ತಂಪಾಗಿಟ್ಟು ಸಾಗಿಸುವ ಬಂಡಿಗಳ ಗೋಡೆಗಳ ಮೇಲೆ ಒಂದು ಕಾಲಕ್ಕೆ ವ್ಯಾಪಾರಿಗಳ ದೊಡ್ಡ ದೊಡ್ಡ ಜಾಹೀರಾತುಗಳಿರುತ್ತಿದ್ದುವು. ನೋಡಲು ಮನೋಹರ. ಆದರೆ ಒಬ್ಬ ವ್ಯಾಪಾರಿಯ ಜಾಹೀರಾತಿನ ಬಂಡಿಯಲ್ಲಿ ಇನ್ನೊಬ್ಬನು ಸರಕು ಹಾಕಲಾರನಾದುದರಿಂದಲೂ, ಅದು ಒಳಗಿಂದೊಳಗೆ ಬಾಡಿಗೆಯ ರಿಯಾಯಿತಿಗೆ ದಾರಿಯಾದುದರಿಂದಲೂ, ೧೯೩೪ರಲ್ಲಿ ಅಂತರಪ್ರಾಂತೀಯ ವಾಣಿಜ್ಯ ಮಂಡಲಿಯವರು ಅದರ ವಿರುದ್ಧ ತೀರ್ಪು ಕೊಟ್ಟರು. ಆ ದಶಕ ಮುಗಿಯುವುದರೊಳಗೆ ಇಂಥ ಬಂಡಿಗಳು ಹಳಿಯಿಂದ ಮಾಯವಾದುವು. ಆಟಿಗೆಯ ಅಂಗಡಿಗಳಲ್ಲಿ ಮಾತ್ರ ಅವು ಇಂದಿಗೂ ಧಾರಾಳವಾಗಿ ದೊರೆಯುತ್ತವೆ. ೧೯೫೫ರ ಹಾಸಿನಲ್ಲಿ ಇವನ್ನು ಸಾಲಾಗಿ ನಿಲ್ಲಿಸುವುದು ಕಾಲವಿರುದ್ಧ. ಅದೇ ಹಾಸಿನಲ್ಲಿ, ೧೯೦೬ರಲ್ಲಿ ಸ್ಥಾಪಿತವಾದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಸಂಸ್ಥೆಯ ಕಿತ್ತಳೆ ಬಣ್ಣದ ತಂಪು ಬಂಡಿಗಳು ಕ್ಯಾಲಿಫೋರ್ನಿಯದ ಹಣ್ಣುಗಳನ್ನು ಹೊತ್ತು ನಿಂತರೆ ಅದು ಯುಕ್ತವೇ ಆಗುತ್ತದೆ.

೫

ಈಗ ಆಯ್ಕೆಯ ವಿಚಾರಕ್ಕೆ ಬರೋಣ. ನಿಜವಾದ ರೈಲನ್ನು ನೆನೆಯಬೇಕೆನ್ನುವವನು ಮೊದಲು ಒಂದು ವರ್ಷವನ್ನೂ ಒಂದು ಸೀಮೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಉದಾಹರಣೆಗೆ, ೧೯೫೫ರ ವರ್ಮಾಂಟ್ ಸೀಮೆಯೆನ್ನೋಣ. ಅದು ಹೈನಿನ ನಾಡು. ಅಲ್ಲಿಯ ಹಾಲನ್ನು ರಟ್ಲೆಂಡ್ ರೈಲ್ವೆ ನ್ಯೂಯಾರ್ಕಿನ ಕಡೆಗೆ ಸಾಗಿಸುತ್ತಿದ್ದಿತು. ಇಲ್ಲಿ ಇಂಜಿನೂ ಕಬೂಸೂ ಸ್ಥಳೀಯ ಕಂಪೆನಿಯವಾಗಿರಬೇಕು. ಆದರೆ ನಡುವಿನ ಬಾಕ್ಸ್‌ಕಾರುಗಳೆಲ್ಲ ಅದೇ ಕಂಪೆನಿಯವಾಗಿರಬೇಕೆಂದು ತಿಳಿಯುವುದು ತಪ್ಪು. ಅಮೆರಿಕಾದ ರೈಲ್ವೆಗಳು ಒಬ್ಬರ ಬಂಡಿಯನ್ನು ಇನ್ನೊಬ್ಬರು ದಿನದ ಬಾಡಿಗೆ ಕೊಟ್ಟು ಬಳಸುವ ಪದ್ಧತಿಯನ್ನು ಇಟ್ಟುಕೊಂಡಿದ್ದುದರಿಂದ, ವಾಷಿಂಗ್ಟನ್ ಸೀಮೆಯ ಮರವನ್ನು ಹೊತ್ತ ಗ್ರೇಟ್ ನಾರ್ದರ್ನ್ ಬಂಡಿ ವರ್ಮಾಂಟಿನ ಹಳ್ಳಿಯ ಪಕ್ಕದ ಹಾದಿಯಲ್ಲಿ ನಿಂತಿರುವುದು ಸಹಜದ ನೋಟ. ಎಲ್ಲ ಬಂಡಿಗಳಿಗೂ ಒಂದೇ ಹೆಸರಿದ್ದರೆ ನೋಟಕ್ಕೆ ಶಿಸ್ತು ಬಂದೀತು. ಆದರೆ ಸತ್ಯ ಕೆಡುವುದು. ಕಲ್ಲಿದ್ದಲಿನ ಹಾಪರುಗಳು ಮಾತ್ರ ಸಾಮಾನ್ಯವಾಗಿ ಗಣಿಯಿರುವ ಸೀಮೆಯ ಕಂಪೆನಿಗಳವೇ ಆಗಿದ್ದುವು.

ಎರಡನೆಯದು ಪ್ರಮಾಣ. ಆ ಕಾಲದ ಗೂಡ್ಸು ರೈಲಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದುದು ನಲವತ್ತು ಅಡಿ ಉದ್ದದ, ಮಣ್ಣುಗೆಂಪು ಬಣ್ಣದ, ಯಾರ ಕಣ್ಣನ್ನೂ ಸೆಳೆಯದ ಬಾಕ್ಸ್‌ಕಾರು. ಪುಲ್‌ಮನ್ ಸ್ಟ್ಯಾಂಡರ್ಡ್ ಕಂಪೆನಿಯವರು ೧೯೪೭ರಿಂದ ಒಂದೇ ಮಾದರಿಯ ಇಂಥ ಬಂಡಿಗಳನ್ನು ಒಂದು ಲಕ್ಷಕ್ಕೂ ಮಿಕ್ಕಿ ಕಟ್ಟಿದರು. ಇಂಥ ಬಂಡಿ ‘ಓ’ ಅಳತೆಯಲ್ಲಿ ಹತ್ತು ಅಂಗುಲವೂ, ಎಂಬತ್ತೇಳನೆಯ ಒಂದು ಪಾಲಾದ ‘ಎಚ್.ಒ.’ ಅಳತೆಯಲ್ಲಿ ಐದೂವರೆ ಅಂಗುಲವೂ ಆಗುವುದು. ಸಂಗ್ರಾಹಕನು ಸ್ವಭಾವತಃ ಅಪೂರ್ವವಾದುದನ್ನು ಹುಡುಕುತ್ತಾನೆ. ಆದರೆ ಅಪೂರ್ವವಾದುದು ಯಾವ ಕಾಲದಲ್ಲಿಯೂ ಆ ಕಾಲದ ಮುಖವಲ್ಲ. ಹತ್ತು ಅಪೂರ್ವ ಬಂಡಿಗಳನ್ನು ಸಾಲಾಗಿ ಕೂಡಿಸಿದರೆ ಎಂದೂ ಎಲ್ಲಿಯೂ ಓಡದಿದ್ದ ರೈಲೊಂದು ಸಿದ್ಧವಾಗುವುದು. ಬಣ್ಣದ ಬಂಡಿಯೊಂದಕ್ಕೆ ಮಣ್ಣುಗೆಂಪಿನ ನಾಲ್ಕೈದು ಬಂಡಿಗಳನ್ನು ಜೊತೆಮಾಡಿದರೆ ಆ ಬಣ್ಣಕ್ಕೂ ಬೆಲೆ ಬರುತ್ತದೆ.

ಬಾಲ್ಯದ ಆಟಿಗೆಯನ್ನೇ ನೆನೆಯಬೇಕೆನ್ನುವವನಿಗೆ ಈ ಕಟ್ಟಳೆಗಳು ಬೇಡ. ಅವನ ಹಾಸಿನಲ್ಲಿ ಮೂರು ಕಂಬಿಗಳಿರಲಿ. ತಿರುವುಗಳು ಅಸಂಭಾವ್ಯವಾಗಿ ಬಿಗಿಯಾಗಿರಲಿ. ಹಾಲಿನ ಆಳು ಬಂಡಿಗಿಂತ ದೊಡ್ಡ ತಲೆಯವನಾಗಿರಲಿ. ಆದರೆ ಅವನಿಗೂ ಒಂದು ಸತ್ಯವುಂಟು: ಆ ಆಟಿಗೆ ಆ ಕಾಲದ್ದೇ ಆಗಿರಬೇಕು. ಬಂಡಿಯನ್ನು ಮಗುಚಿ ಅದರ ಗಾಲಿಚೌಕಟ್ಟನ್ನು ನೋಡಬೇಕು. ೧೯೪೫ರ ಕೊಂಡಿಯಲ್ಲಿ ತಂತಿಯ ಸುರುಳಿಯಿದ್ದು ಅದು ವಿದ್ಯುತ್ತಿನಿಂದ ತೆರೆಯುತ್ತಿದ್ದಿತು. ಕೆಲವು ವರ್ಷಗಳಲ್ಲಿಯೇ ಕಂಬಿಯಲ್ಲಿ ಹುದುಗಿಸಿದ ಅಯಸ್ಕಾಂತ ಎಳೆದು ತೆರೆಯುವ ಸರಳ ಕೊಂಡಿ ಬಂದಿತು. ೧೯೫೭ರಿಂದ ಪ್ಲಾಸ್ಟಿಕ್ಕಿನ ಗಾಲಿಚೌಕಟ್ಟುಗಳು ಕಾಣತೊಡಗಿದುವು. ಕಡೆಗಾಲದ ಬಂಡಿಗಳಲ್ಲಿ ಬಣ್ಣ ಬಳಿಯುವ ಖರ್ಚನ್ನು ಉಳಿಸಲು ಬಣ್ಣದ ಪ್ಲಾಸ್ಟಿಕ್ಕನ್ನೇ ಎರಕ ಹೊಯ್ದಿರುವುದುಂಟು. ಮೇಲ್ಭಾಗ ಒಂದು ಕಾಲದ್ದು, ಗಾಲಿ ಇನ್ನೊಂದು ಕಾಲದ್ದಾದರೆ, ಯಾರೋ ಎರಡು ಮುರುಕುಗಳನ್ನು ಕೂಡಿಸಿದ್ದಾರೆಂದು ಸಂದೇಹಪಡಬಹುದು. ಬಂಡಿಯ ಪಕ್ಕದಲ್ಲಿ ಅಚ್ಚಾಗಿರುವ ನಿರ್ಮಾಣದ ತಾರೀಖನ್ನು ಮಾತ್ರ ನಂಬಕೂಡದು. ನಿಜವಾದ ಬಂಡಿಗಳ ಅನುಕರಣೆಯಾಗಿ ಬರೆದ ಆ ತಾರೀಖು ಮುಂದಿನ ವರ್ಷಗಳಲ್ಲಿ ತಯಾರಾದ ಬಂಡಿಗಳಲ್ಲಿಯೂ ಹಾಗೆಯೇ ಉಳಿದಿರಬಹುದು.

ಯುದ್ಧಪೂರ್ವದ ಬಂಡಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸತುವಿನ ಎರಕದಲ್ಲಿ ಸೀಸ ಮೊದಲಾದ ಕಶ್ಮಲ ಸೇರಿದ್ದರೆ, ವರ್ಷಗಳು ಕಳೆದಂತೆ ಲೋಹವು ಒಳಗಿಂದಲೇ ಉಬ್ಬಿ, ಬಿರಿದು, ಕೊನೆಗೆ ಪುಡಿಯಾಗುವುದು. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಗಾಲಿಯಲ್ಲಿ ಸೂಕ್ಷ್ಮವಾದ ಬಿರುಕು ಕಂಡರೆ ಅದಕ್ಕೆ ಮದ್ದಿಲ್ಲ, ಗಾಲಿಯನ್ನೇ ಬದಲಾಯಿಸಬೇಕು. ಹಳೆಯ ಬಣ್ಣವನ್ನು ಮಾತ್ರ ಬದಲಾಯಿಸದಿರುವುದು ಲೇಸು. ಮೂಲೆಯ ಬಣ್ಣ ಸವೆದು ತಗಡು ಕಾಣುತ್ತಿದ್ದರೆ, ಮಕ್ಕಳ ಕೈ ಅಲ್ಲಿ ಆಡಿದೆಯೆಂದು ಅರ್ಥ. ಹೊಸ ಬಣ್ಣ ಬಳಿದರೆ ಬಂಡಿ ಚೆನ್ನಾಗಿ ಕಂಡೀತು. ಅಕ್ಷರ ಮಾಸಿತೆಂದು ಶಾಸನದ ಕಲ್ಲನ್ನು ಉಳಿಯಿಂದ ಮತ್ತೆ ಕೆತ್ತಿದಂತೆಯೂ ಆದೀತು. ಅಪೂರ್ವ ಬಣ್ಣದ ಬಂಡಿಗೆ ಹೆಚ್ಚಿನ ಬೆಲೆ ಬರುವುದರಿಂದ, ಸಾಮಾನ್ಯ ಬಂಡಿಗೆ ಬಣ್ಣ ಬಳಿದು ಅಪೂರ್ವವೆಂದು ಮಾರುವವರೂ ಇದ್ದಾರೆ. ೧೯೫೪ರಲ್ಲಿ ಸ್ಥಾಪಿತವಾದ ರೈಲು ಸಂಗ್ರಾಹಕರ ಸಂಘದವರು ಬಂಡಿಗಳ ಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸಿ ಹೇಳುವ ಪದ್ಧತಿಯನ್ನು ಬಳಕೆಗೆ ತಂದು ಇಂಥ ವ್ಯವಹಾರದಲ್ಲಿ ಒಂದಿಷ್ಟು ನೇರವನ್ನು ತಂದಿದ್ದಾರೆ.

೬

ಕೊನೆಯದಾಗಿ, ನೆನಪು ತನಗೆ ಬೇಡವಾದುದನ್ನು ಮೆಲ್ಲನೆ ಬದಿಗೆ ಸರಿಸುವ ಗುಣವುಳ್ಳದ್ದು. ಆ ಕಾಲದ ಆಟದ ರೈಲಿನ ಚಿತ್ರಪಟಗಳಲ್ಲಿ ತಂದೆಯೂ ಮಗನೂ ಕಂಬಿಯ ಪಕ್ಕದಲ್ಲಿ ಕುಳಿತಿರುವುದು ಸಾಮಾನ್ಯ. ಮಗಳಿಗೆ ಅಲ್ಲಿ ಸ್ಥಾನ ವಿರಳ. ೧೯೫೭ರಲ್ಲಿ ಲಯೊನೆಲ್ಲಿನವರು ಹೆಣ್ಣುಮಕ್ಕಳಿಗೆಂದೇ ಒಂದು ರೈಲನ್ನು ಮಾಡಿದರು. ಗುಲಾಬಿ ಬಣ್ಣದ ಇಂಜಿನು. ಗುಲಾಬಿ, ನಸುನೇರಿಳೆ, ತಿಳಿನೀಲಿ, ಹಳದಿ ಬಣ್ಣದ ಗೂಡ್ಸು ಬಂಡಿಗಳು. ಅದು ಮಾರಾಟವಾಗಲಿಲ್ಲ. ರೈಲನ್ನು ಬಯಸಿದ ಹುಡುಗಿಗೂ ಬೇಕಾಗಿದ್ದುದು ನಿಜವಾದ ರೈಲಿನಂಥದೇ ಆಗಿದ್ದಿತು. ಉಳಿದ ಇಂಜಿನುಗಳಿಗೆ ಕೆಲವು ಅಂಗಡಿಯವರು ಕಪ್ಪು ಬಣ್ಣ ಬಳಿದು ಮಾರಿದರೆಂದು ಹೇಳುವರು. ಅಂದು ಯಾರಿಗೂ ಬೇಡವಾದ ಆ ರೈಲು ಇಂದು ವಿರಳವಾಗಿ ಸಂಗ್ರಾಹಕರ ಸ್ಪರ್ಧೆಗೆ ವಿಷಯವಾಗಿದೆ.

೧೯೫೯ರ ಹೊತ್ತಿಗೆ ಹಾಲಿನ ಬಂಡಿಯ ಪಕ್ಕದಲ್ಲಿ ಕ್ಷಿಪಣಿಯನ್ನು ಹಾರಿಸುವ ಬಂಡಿಯೂ, ಅದು ತಗಲಿದರೆ ಚೂರುಚೂರಾಗಿ ಸಿಡಿಯುವ ಬಾಕ್ಸ್‌ಕಾರೂ ಬಂದುವು. ೧೯೬೧ರಲ್ಲಿ ಬಂದ ‘ಮಿನಿಟ್‌ಮನ್’ ಬಂಡಿಯ ಮಾಡು ತೆರೆದು ಒಳಗಿನಿಂದ ಕ್ಷಿಪಣಿ ಎದ್ದುನಿಲ್ಲುತ್ತಿದ್ದಿತು. ಅಣ್ವಸ್ತ್ರಗಳನ್ನು ರೈಲಿನ ಮೇಲೆ ದೇಶವೆಲ್ಲ ತಿರುಗಿಸುತ್ತಿರುವ ಯೋಜನೆಯೊಂದನ್ನು ಅಮೆರಿಕಾದ ವಾಯುಬಲ ೧೯೬೦ರಲ್ಲಿ ನಿಜವಾಗಿಯೂ ಪರೀಕ್ಷಿಸಿ, ೧೯೬೧ರಲ್ಲಿ ಕೈಬಿಟ್ಟಿತು. ನಿಜವಾದ ರೈಲು ಸೇವೆಗೆ ಬರಲಿಲ್ಲ. ಆಟಿಗೆ ಮಾತ್ರ ಮಕ್ಕಳ ಕೈಸೇರಿತು. ಹಳೆಯ ಕಾಲ ನೆಮ್ಮದಿಯ ಕಾಲವೆಂದು ಹಾಸನ್ನು ಹೂಡುವವನು ಈ ಬಂಡಿಯನ್ನು ಪೆಟ್ಟಿಗೆಯಲ್ಲಿಯೇ ಬಿಡಬಹುದು. ಆದರೆ ೧೯೬೧ರ ಮಗುವಿನ ರಾತ್ರಿಗಳಲ್ಲಿ ಹಾಲಿನ ಬಂಡಿಯ ಜೊತೆಗೆ ಈ ಭಯವೂ ಇದ್ದಿತೆಂಬುದನ್ನು ಬಲ್ಲವನು, ಹಾಸಿನ ಒಂದು ಮೂಲೆಯಲ್ಲಾದರೂ ಅದಕ್ಕೆ ಎಡೆಮಾಡಿಕೊಡುವನು.

ಲಯೊನೆಲ್ಲಿನ ವೈಭವವೂ ಬಹುಕಾಲ ನಿಲ್ಲಲಿಲ್ಲ. ಹೆದ್ದಾರಿಗಳೂ ಮೋಟಾರು ಲಾರಿಗಳೂ ನಿಜವಾದ ರೈಲಿನ ಸರಕನ್ನು ಕಸಿದುಕೊಂಡಂತೆ, ಬೇರೆ ಆಟಗಳು ಮಕ್ಕಳ ಮನಸ್ಸನ್ನು ಕಸಿದುಕೊಂಡುವು. ಕೊವೆನ್ ೧೯೫೯ರಲ್ಲಿ ತನ್ನ ಪಾಲನ್ನು ಮಾರಿ, ೧೯೬೫ರಲ್ಲಿ ತೀರಿಕೊಂಡನು. ೧೯೬೯ರಲ್ಲಿ ರೈಲು ಮಾಡುವ ಹಕ್ಕು 'ಜನರಲ್ ಮಿಲ್ಸ್' ಎಂಬ ಆಹಾರಪದಾರ್ಥಗಳ ಕಂಪೆನಿಗೆ ಹೋಯಿತು. ದೊಡ್ಡ ರೈಲುಗಳ ಗತಿಯೂ ಇದೇ. ೧೯೫೩ರ ಮೊದಲ ನಾಲ್ಕು ಬಾಕ್ಸ್‌ಕಾರುಗಳ ಮೇಲಿನ ಹೆಸರುಗಳನ್ನು ವಾಚಕರು ಮತ್ತೊಮ್ಮೆ ಸ್ಮರಿಸಬೇಕು. ಮಿನಿಯಾಪೊಲಿಸ್ ಮತ್ತು ಸೈಂಟ್ ಲೂಯಿಸ್ ೧೯೬೦ರಲ್ಲಿ ಬೇರೊಂದು ಕಂಪೆನಿಯ ಪಾಲಾಯಿತು. ಗ್ರೇಟ್ ನಾರ್ದರ್ನ್ ೧೯೭೦ರಲ್ಲಿ ಬರ್ಲಿಂಗ್ಟನ್ ನಾರ್ದರ್ನಿನಲ್ಲಿ ಲೀನವಾಯಿತು. ರಾಕ್ ಐಲೆಂಡ್ ೧೯೮೦ರಲ್ಲಿ ಓಡಾಟ ನಿಲ್ಲಿಸಿತು. ವೆಸ್ಟರ್ನ್ ಪೆಸಿಫಿಕ್ ೧೯೮೨ರಲ್ಲಿ ಯೂನಿಯನ್ ಪೆಸಿಫಿಕ್ಕನ್ನು ಸೇರಿತು. ಹಾಲು ಸಾಗಿಸಿದ ರಟ್ಲೆಂಡಿನ ರೈಲುಗಳು ೧೯೬೧ರಲ್ಲಿಯೇ ಮುಷ್ಕರದೊಡನೆ ನಿಂತು, ಮತ್ತೆ ಆ ಹೆಸರಿನಲ್ಲಿ ಓಡಲಿಲ್ಲ. ಆ ಹೆಸರುಗಳಿಗಾಗಿ ದುಡಿದವರ ಊರುಗಳಲ್ಲಿ ಎಷ್ಟೋ ಕಡೆ ಹಳಿಯೂ ಉಳಿದಿಲ್ಲ.

ನಮ್ಮ ಹೊಲಗಳ ಬದುವಿನಲ್ಲಿ ನಿಂತ ವೀರಗಲ್ಲು ಯಾವುದೋ ಸಣ್ಣ ಕಾಳಗದಲ್ಲಿ ಮಡಿದವನ ಹೆಸರನ್ನು ಉಳಿಸಿದೆ. ಅದನ್ನು ನಿಲ್ಲಿಸಿದವರ ಉದ್ದೇಶ ಅದೇ ಆಗಿದ್ದಿತು. ಆಟದ ಬಂಡಿಯನ್ನು ಮಾಡಿದವರಿಗೆ ಆ ಉದ್ದೇಶವಿರಲಿಲ್ಲ. ಅವರಿಗೆ ಬೇಕಾಗಿದ್ದುದು ಕ್ರಿಸ್‌ಮಸ್ಸಿನ ವ್ಯಾಪಾರ. ಆದರೂ ಅಳಿದುಹೋದ ಕಂಪೆನಿಗಳ ಬಣ್ಣವೂ ಲಾಂಛನವೂ, ಬ್ರೇಕಿನಾಳು ನಡೆದ ಹಲಗೆಯೂ, ಅವನ ಬೆರಳನ್ನು ಉಳಿಸಿದ ಕೊಂಡಿಯೂ ಈ ಅಂಗೈಯಗಲದ ವಸ್ತುವಿನಲ್ಲಿ ಉಳಿದುಬಂದಿವೆ. ಬಂಡಿಗಳನ್ನು ಆರಿಸುವವನು ತನಗೆ ಪ್ರಿಯವಾದುದನ್ನು ಆರಿಸಲಿ. ಜೊತೆಗೆ, ತಾನು ಆರಿಸಿದುದರಲ್ಲಿ ಏನು ಬರೆದಿದೆಯೆಂಬುದನ್ನು ಓದಬಲ್ಲವನಾದರೆ, ಅವನ ವಿನೋದವೇ ಇತಿಹಾಸದ ಅಭ್ಯಾಸವಾಗುವುದು.